ಸಂದೇಹ ಬಂದಾಗ: ಕ್ರೈಸ್ತ ಪರಂಪರೆ ಮನಸ್ಸನ್ನು ಸಿದ್ಧಗೊಳಿಸಿದ ಬಗೆ

ಕರಾವಳಿಯಲ್ಲೋ ಮಲೆನಾಡಿನಲ್ಲೋ ಒಂದು ಕ್ರೈಸ್ತ ಮನೆಯಲ್ಲಿ ಬೆಳೆದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಸಂಜೆಯ ಪ್ರಾರ್ಥನೆ, ಭಾನುವಾರದ ಚರ್ಚು, ಕ್ರಿಸ್‌ಮಸ್ಸಿನ ಗೋದಲಿ, ಈಸ್ಟರಿಗೆ ಮುಂಚಿನ ಉಪವಾಸ ಇವೆಲ್ಲ ಅವಳಿಗೆ ಉಸಿರಾಟದಷ್ಟೇ ಸಹಜ. ಪದವಿ ಓದಲು ಆಕೆ ಬೆಂಗಳೂರಿಗೆ ಬಂದು ಹಾಸ್ಟೆಲ್ ಸೇರುತ್ತಾಳೆ. ಜೀವಶಾಸ್ತ್ರದ ತರಗತಿಯಲ್ಲಿ ವಿಕಾಸವಾದದ ಪಾಠ ನಡೆಯುತ್ತದೆ. ಕೊಠಡಿಯ ಗೆಳತಿ, "ದೇವರು ಒಳ್ಳೆಯವನೇ ಆಗಿದ್ದರೆ ಭೂಕಂಪದಲ್ಲಿ ಎಳೆಯ ಮಕ್ಕಳು ಯಾಕೆ ಸಾಯಬೇಕು?" ಎಂದು ಕೇಳುತ್ತಾಳೆ. ಉತ್ತರ ಹೊಳೆಯುವುದಿಲ್ಲ. ಒಂದು ಭಾನುವಾರ ಪರೀಕ್ಷೆಯ ನೆಪದಲ್ಲಿ ಚರ್ಚಿಗೆ ಹೋಗುವುದು ತಪ್ಪುತ್ತದೆ, ಮುಂದಿನ ಭಾನುವಾರ ನೆಪವೂ ಬೇಕಾಗುವುದಿಲ್ಲ. "ಇಷ್ಟು ದಿನ ನಾನು ನಂಬಿದ್ದು ನಿಜವೋ, ಬರೀ ಮನೆಯ ರೂಢಿಯೋ?" ಎಂಬ ಪ್ರಶ್ನೆ ರಾತ್ರಿ ನಿದ್ದೆ ಕೆಡಿಸುತ್ತದೆ. ಮನೆಯಲ್ಲಿ ಹೇಳಿದರೆ ಅಮ್ಮ ಅತ್ತಾರು, ಗುರುಗಳ ಬಳಿ ಹೇಳಿದರೆ ಬೈದಾರು ಎಂಬ ಅಂಜಿಕೆಯಿಂದ ಪ್ರಶ್ನೆ ಒಳಗೇ ಉಳಿಯುತ್ತದೆ.

ಈ ಹುಡುಗಿಯ ಮುಂದೆ ಎರಡು ಅಪಾಯಗಳಿವೆ. ಬಾಲ್ಯದಿಂದ ತನ್ನನ್ನು ಪೊರೆದ ನಂಬಿಕೆಯನ್ನು ಸರಿಯಾಗಿ ಯೋಚಿಸದೆಯೇ ಕಳೆದುಕೊಳ್ಳುವುದು ಒಂದು. ಅಷ್ಟೇ ಯೋಚಿಸದೆ, ಪ್ರಶ್ನೆಗಳಿಗೆ ಕಿವಿ ಮುಚ್ಚಿಕೊಂಡು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುವುದು ಇನ್ನೊಂದು. ಎರಡರಲ್ಲೂ ಬುದ್ಧಿಗೆ ಕೆಲಸವಿಲ್ಲ. ಇವೆರಡರ ನಡುವೆ ದಾರಿಯುಂಟೆ? ಕ್ರೈಸ್ತ ಪರಂಪರೆಯ ಚಿಂತಕರು ಈ ಪ್ರಶ್ನೆಯ ಬಗ್ಗೆ ಹದಿನಾರು ಶತಮಾನಗಳಿಗೂ ಹೆಚ್ಚು ಕಾಲ ಯೋಚಿಸಿದ್ದಾರೆ. ಇಪ್ಪತ್ತನೆಯ ಶತಮಾನದ ಮನೋವಿಜ್ಞಾನವೂ ಇದನ್ನು ಬೇರೊಂದು ಬಾಗಿಲಿನಿಂದ ಪ್ರವೇಶಿಸಿದೆ. ಅವರೆಲ್ಲ ಕಂಡುಕೊಂಡದ್ದೇನು ಎಂಬುದನ್ನು ಇಲ್ಲಿ ನೋಡೋಣ. ಯಾರನ್ನೂ ಆಸ್ತಿಕರನ್ನಾಗಿಯೋ ನಾಸ್ತಿಕರನ್ನಾಗಿಯೋ ಮಾಡುವುದು ಈ ಲೇಖನದ ಉದ್ದೇಶವಲ್ಲ.

ಕಷ್ಟದ ಪ್ರಶ್ನೆ ಬೇರೆ, ಸಂದೇಹ ಬೇರೆ

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಇಂಗ್ಲೆಂಡಿನ ಜಾನ್ ಹೆನ್ರಿ ನ್ಯೂಮನ್ (1801–1890) ಆಂಗ್ಲಿಕನ್ ಪಾದ್ರಿಯಾಗಿದ್ದು 1845ರಲ್ಲಿ ಕಥೋಲಿಕ ಸಭೆಗೆ ಸೇರಿದವರು. 2019ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. 1864ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಅವರು ಒಂದು ಮುಖ್ಯ ವ್ಯತ್ಯಾಸವನ್ನು ಗುರುತಿಸಿದರು. ಒಂದು ನಂಬಿಕೆಯ ಬಗ್ಗೆ ಉತ್ತರ ಸಿಗದ ಪ್ರಶ್ನೆಗಳು ಎಷ್ಟೇ ಇರಲಿ, ಅವುಗಳನ್ನು ಕೂಡಿಸಿದ ಮಾತ್ರಕ್ಕೆ ಸಂದೇಹವಾಗುವುದಿಲ್ಲ ಎಂಬುದು ಅವರ ವಾದ. ಲೆಕ್ಕವೊಂದು ಬಿಡಿಸಲು ಬಾರದಿದ್ದರೆ ವಿದ್ಯಾರ್ಥಿಗೆ ಬೇಸರವಾಗುತ್ತದೆ. ಆದರೆ ಅದಕ್ಕೆ ಉತ್ತರವೇ ಇಲ್ಲವೆಂದು ಅವನು ಭಾವಿಸಬೇಕಾಗಿಲ್ಲ.

ವಿಜ್ಞಾನದ ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೇನಸ್ ಗ್ರಹ ನ್ಯೂಟನ್ನನ ನಿಯಮಗಳು ಹೇಳಿದ ಜಾಗದಲ್ಲಿ ಕಾಣುತ್ತಿರಲಿಲ್ಲ. ಖಗೋಳಜ್ಞರು ನ್ಯೂಟನ್ನನನ್ನು ಕೈಬಿಡಲಿಲ್ಲ. ಕಣ್ಣಿಗೆ ಬೀಳದ ಇನ್ನೊಂದು ಗ್ರಹ ಯುರೇನಸ್ಸನ್ನು ಎಳೆಯುತ್ತಿರಬಹುದೆಂದು ಲೆಕ್ಕ ಹಾಕಿದರು. 1846ರಲ್ಲಿ ನೆಪ್ಚೂನ್ ಸಿಕ್ಕಿತು, ಸಮಸ್ಯೆ ತೀರಿತು. ಮುಂದೆ 1859ರಲ್ಲಿ ಫ್ರಾನ್ಸಿನ ಲ ವೆರಿಯೇ ಬುಧಗ್ರಹದ ಕಕ್ಷೆಯಲ್ಲೂ ಸಣ್ಣ ವ್ಯತ್ಯಾಸ ಕಂಡುಹಿಡಿದ. ಈ ಸಲವೂ ಹೊಸ ಗ್ರಹವೊಂದನ್ನು ಊಹಿಸಿದರು, ಅದಕ್ಕೆ 'ವಲ್ಕನ್' ಎಂಬ ಹೆಸರನ್ನೂ ಇಟ್ಟರು. ಆದರೆ ಅಂಥ ಗ್ರಹ ಸಿಗಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಹೊಸ ಗುರುತ್ವ ಸಿದ್ಧಾಂತವನ್ನು ಕೊಟ್ಟ ಮೇಲೆಯೇ ಆ ಒಗಟು ಬಿಡಿಸಿತು. ಎರಡೂ ಒಂದೇ ಬಗೆಯ ತೊಡಕುಗಳು. ಒಂದರಲ್ಲಿ ಹಳೆಯ ಸಿದ್ಧಾಂತವೇ ಗೆದ್ದಿತು, ಇನ್ನೊಂದರಲ್ಲಿ ಅದು ಹೊಸದಕ್ಕೆ ಜಾಗ ಬಿಡಬೇಕಾಯಿತು. ಮೊದಲ ತೊಡಕಿಗೇ ಸಿದ್ಧಾಂತವನ್ನು ಎಸೆದಿದ್ದರೆ ನೆಪ್ಚೂನ್ ಸಿಗುತ್ತಿರಲಿಲ್ಲ. ಯಾವ ತೊಡಕಿಗೂ ಮಣಿಯುವುದಿಲ್ಲವೆಂದು ಹಟ ಹಿಡಿದಿದ್ದರೆ ಸಾಪೇಕ್ಷತೆ ಬರುತ್ತಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಇದರ ಅಗತ್ಯ ಮುಂದೆ ಬೀಳುತ್ತದೆ.

ಇನ್ನು, ಸಂದೇಹಗಳೆಲ್ಲ ಒಂದೇ ಮೂಲದಿಂದ ಬರುವುದಿಲ್ಲ. ಕೆಲವು ಓದಿನಿಂದ, ವಾದದಿಂದ ಬರುತ್ತವೆ. ಕೆಲವು ದಣಿವು, ಒಂಟಿತನ, ಬೇಸರದಿಂದ ಬರುತ್ತವೆ. ಕೆಲವು ಸಾವು, ರೋಗದಂಥ ಪೆಟ್ಟಿನಿಂದ ಬರುತ್ತವೆ. ಧರ್ಮದ ಹೆಸರಿನಲ್ಲಿ ದೊಡ್ಡವರು ನಡೆದುಕೊಂಡ ರೀತಿಯನ್ನು ಕಂಡು ಬರುವ ಸಂದೇಹವೂ ಉಂಟು. ಜ್ವರಕ್ಕೂ ಮೂಳೆಮುರಿತಕ್ಕೂ ಒಂದೇ ಔಷಧ ಸಲ್ಲದು. ಹಾಗೆಯೇ ಇಲ್ಲೂ ರೋಗನಿದಾನವೇ ಮೊದಲ ಹೆಜ್ಜೆ.

ಬೈಬಲಿನಲ್ಲಿರುವ ಸಂದೇಹಿಗಳು

ಸಂದೇಹ ಪಡುವುದೇ ಪಾಪವೆಂದು ಅನೇಕ ಕ್ರೈಸ್ತ ಮಕ್ಕಳು ತಿಳಿದಿರುತ್ತಾರೆ. ಬೈಬಲನ್ನು ತೆರೆದರೆ ಚಿತ್ರ ಬೇರೆಯೇ ಇದೆ. ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೋಹಾನನೇ ಸೆರೆಮನೆಯಲ್ಲಿದ್ದಾಗ, ಬರಬೇಕಾದವನು ನೀನೇ ಹೌದೋ ಎಂದು ಶಿಷ್ಯರ ಮೂಲಕ ಕೇಳಿಸುತ್ತಾನೆ. ಮಾರ್ಕನ ಸುವಾರ್ತೆಯಲ್ಲಿ ರೋಗಿ ಮಗನ ತಂದೆಯೊಬ್ಬ ತಾನು ನಂಬುತ್ತೇನೆಂದು ಹೇಳಿ, ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೂ ನೆರವು ಬೇಡುತ್ತಾನೆ. ಕೀರ್ತನೆಗಳ ಗ್ರಂಥದ 88ನೆಯ ಕೀರ್ತನೆ ಕತ್ತಲಿನ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೂ ಸಮಾಧಾನದ ಸಾಲು ಬರುವುದಿಲ್ಲ.

ಎಲ್ಲರಿಗೂ ಗೊತ್ತಿರುವ ಉದಾಹರಣೆ ತೋಮನದು. ಗಾಯದ ಗುರುತುಗಳನ್ನು ಕಣ್ಣಾರೆ ಕಂಡು ಮುಟ್ಟದ ಹೊರತು ಪುನರುತ್ಥಾನವನ್ನು ನಂಬುವುದಿಲ್ಲವೆಂದು ಅವನು ಹೇಳುತ್ತಾನೆ. ಹಾಗೆ ಹೇಳಿದ ಮೇಲೂ ಉಳಿದ ಶಿಷ್ಯರು ಅವನನ್ನು ಹೊರಗೆ ಹಾಕಲಿಲ್ಲ. ಎಂಟು ದಿನಗಳ ನಂತರ ಅವನು ಅವರ ಜೊತೆಯಲ್ಲೇ ಇದ್ದ ಎಂಬುದನ್ನು ಗಮನಿಸಬೇಕು. ಇದೇ ತೋಮ ಕ್ರಿ.ಶ. 52ರಲ್ಲಿ ಕೇರಳದ ತೀರಕ್ಕೆ ಬಂದನೆಂಬುದು ಅಲ್ಲಿನ ಕ್ರೈಸ್ತರ ಪರಂಪರಾಗತ ನಂಬಿಕೆ. ಚೆನ್ನೈನ ಸಂತ ತೋಮಸರ ಬೆಟ್ಟಕ್ಕೆ ಆ ಹೆಸರು ಬಂದುದೂ ಅದೇ ನಂಬಿಕೆಯಿಂದ. ಭಾರತದ ಕ್ರೈಸ್ತರು ತಮ್ಮ ಆದಿ ಗುರುವೆಂದು ಗೌರವಿಸುವ ವ್ಯಕ್ತಿ ಪುರಾವೆ ಕೇಳಿದವನು ಎಂಬುದು ನೆನೆಯತಕ್ಕ ಸಂಗತಿ.

ಮರುಭೂಮಿಯ ಮನೋವಿಜ್ಞಾನ

ಮನಸ್ಸನ್ನು ಮುಂಚಿತವಾಗಿ ಸಿದ್ಧಪಡಿಸಬೇಕೆಂಬ ವಿಚಾರವನ್ನು ಕ್ರಮಬದ್ಧವಾಗಿ ಬರೆದಿಟ್ಟವರಲ್ಲಿ ಇವಾಗ್ರಿಯಸ್ ಪ್ರಮುಖ. ಸುಮಾರು ಕ್ರಿ.ಶ. 345ರಲ್ಲಿ ಇಂದಿನ ಟರ್ಕಿಯ ಉತ್ತರ ಭಾಗದಲ್ಲಿ ಹುಟ್ಟಿದ ಈತ ಕಾನ್‌ಸ್ಟಾಂಟಿನೋಪಲಿನಲ್ಲಿ ಹೆಸರು ಮಾಡಿ, ಆಮೇಲೆ ಎಲ್ಲವನ್ನೂ ತೊರೆದು ಈಜಿಪ್ಟಿನ ಮರುಭೂಮಿಯಲ್ಲಿ ಸನ್ಯಾಸಿಯಾಗಿ ಬದುಕಿ 399ರಲ್ಲಿ ತೀರಿಕೊಂಡ. ಸನ್ಯಾಸಿಯನ್ನು ಕಾಡುವ ಆಲೋಚನೆಗಳನ್ನು ಅವನು ಎಂಟು ಬಗೆಯಾಗಿ ವಿಂಗಡಿಸಿದ. ಪ್ರತಿಯೊಂದು ಬಗೆಗೂ ಎದುರುತ್ತರವಾಗಿ ಹೇಳಬೇಕಾದ ಬೈಬಲಿನ ವಾಕ್ಯಗಳನ್ನು ಆರಿಸಿ, ಎಂಟು ಭಾಗಗಳ ಒಂದು ಕೈಪಿಡಿ ಬರೆದ. ಅದರಲ್ಲಿ ಸುಮಾರು ಐನೂರು ನಮೂದುಗಳಿವೆ. ಮೂಲ ಗ್ರೀಕ್ ಪ್ರತಿ ಕಳೆದುಹೋಗಿದ್ದು, ಸಿರಿಯಾಕ್ ಭಾಷೆಯ ಅನುವಾದ ಉಳಿದಿದೆ.

ಅವನ ತರ್ಕ ಸರಳ. ಆಲೋಚನೆ ಬಂದು ತಲೆಯನ್ನು ತುಂಬಿಕೊಂಡ ಮೇಲೆ ಉತ್ತರ ಹುಡುಕುವಷ್ಟು ತಾಳ್ಮೆ ಮನುಷ್ಯನಿಗಿರುವುದಿಲ್ಲ. ಆದ್ದರಿಂದ ಉತ್ತರ ಮೊದಲೇ ನಾಲಗೆಯ ಮೇಲಿರಬೇಕು.

ಅವನು ವರ್ಣಿಸಿದ ಎಂಟರಲ್ಲಿ ವಿದ್ಯಾರ್ಥಿಗಳಿಗೆ ತೀರ ಹತ್ತಿರವಾದದ್ದು 'ನಡುಹಗಲಿನ ಪಿಶಾಚಿ'. ನಡುಹಗಲಿನಲ್ಲಿ ಸೂರ್ಯ ಮುಂದೆ ಚಲಿಸುತ್ತಲೇ ಇಲ್ಲವೆನಿಸುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ. ಈ ಜಾಗ ಸರಿಯಿಲ್ಲ, ಈ ಜನ ಸರಿಯಿಲ್ಲ, ಈ ಬದುಕೇ ವ್ಯರ್ಥ ಎನಿಸತೊಡಗುತ್ತದೆ. ಪರೀಕ್ಷೆಗೆ ಓದಲು ಕುಳಿತವರಿಗೆ ಈ ಅನುಭವ ಹೊಸದೇನಲ್ಲ! ಇಲ್ಲಿ ನಾವು ಗಮನಿಸಬೇಕಾದ ಅಂಶವೆಂದರೆ, ಬಂದಿರುವುದು ಬಳಲಿಕೆ. ಆದರೆ ಅದು ವಾದದ ವೇಷ ತೊಟ್ಟು ಬರುತ್ತದೆ. 'ನನಗೆ ದಣಿವಾಗಿದೆ' ಎನ್ನಬೇಕಾದ ಮನಸ್ಸು 'ಇದರಲ್ಲಿ ಅರ್ಥವಿಲ್ಲ' ಎನ್ನುತ್ತದೆ. ಆ ವೇಷವನ್ನು ಗುರುತಿಸಲು ಕಲಿತವನಿಗೆ ಅರ್ಧ ಕೆಲಸ ಮುಗಿದಂತೆ.

ಕತ್ತಲಿನಲ್ಲಿ ದಾರಿ ಬದಲಿಸಬೇಡ

ಇವಾಗ್ರಿಯಸ್ಸನಿಗೆ ಸಾವಿರ ವರ್ಷಕ್ಕೂ ಹೆಚ್ಚು ನಂತರ ಬಂದವರು ಸ್ಪೇನಿನ ಲೊಯೋಲದ ಇಗ್ನೇಷಿಯಸ್ (1491–1556). 1521ರಲ್ಲಿ ಪಾಂಪ್ಲೋನ ಕೋಟೆಯ ಯುದ್ಧದಲ್ಲಿ ಫಿರಂಗಿ ಗುಂಡಿನಿಂದ ಕಾಲು ಮುರಿದುಕೊಂಡ ಈ ಯೋಧ, ಹಾಸಿಗೆಯ ಮೇಲೆ ಮಲಗಿ ತನ್ನ ಮನಸ್ಸಿನ ಏರಿಳಿತಗಳನ್ನೇ ಗಮನಿಸತೊಡಗಿದರು. ಮುಂದೆ ಯೇಸುಸಭೆಯನ್ನು ಕಟ್ಟಿದರು. ಅವರ 'ಆಧ್ಯಾತ್ಮಿಕ ಸಾಧನೆ'ಗಳ ಪುಸ್ತಕ 1548ರಲ್ಲಿ ಪೋಪರ ಒಪ್ಪಿಗೆ ಪಡೆದು ಅಚ್ಚಾಯಿತು.

ಅದರಲ್ಲಿ ಕೊಟ್ಟಿರುವ ನಿಯಮಗಳಲ್ಲಿ ಮೂರು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಒಂದು, ಮನಸ್ಸು ಕುಗ್ಗಿ ಕತ್ತಲು ಕವಿದಾಗ ಹಿಂದೆ ನೆಮ್ಮದಿಯಲ್ಲಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬಾರದು. ಎರಡು, ಮನಸ್ಸು ಬೆಳಕಿನಲ್ಲಿರುವಾಗಲೇ ಮುಂದೆ ಬರಲಿರುವ ಕತ್ತಲಿನ ಬಗ್ಗೆ ಯೋಚಿಸಿ ಶಕ್ತಿ ಕೂಡಿಟ್ಟುಕೊಳ್ಳಬೇಕು. ಮೂರು, ಕಾಡುವ ಆಲೋಚನೆಯನ್ನು ಗುಟ್ಟಾಗಿಡದೆ ತಿಳಿದವರೊಬ್ಬರ ಮುಂದೆ ಹೇಳಿಕೊಳ್ಳಬೇಕು. ಗುಟ್ಟಾಗಿರುವವರೆಗೆ ಅದಕ್ಕೆ ಬಲ, ಬಾಯಿಬಿಟ್ಟು ಹೇಳಿದೊಡನೆ ಅದು ಸೊರಗುತ್ತದೆ. ಶತ್ರು ಕೋಟೆಯ ಸುತ್ತ ತಿರುಗಿ ಅದರ ದುರ್ಬಲ ಭಾಗವನ್ನೇ ಹುಡುಕುತ್ತಾನೆಂಬ ಹೋಲಿಕೆಯನ್ನೂ ಅವರು ಕೊಡುತ್ತಾರೆ. ಕೋಟೆಯಲ್ಲಿ ಹೋರಾಡಿದವರ ಅನುಭವದ ಮಾತು ಇದು.

ರೇಡಿಯೋದಲ್ಲಿ ಕೇಳಿಬಂದ ಉತ್ತರ

ಎರಡನೆಯ ಮಹಾಯುದ್ಧದ ದಿನಗಳಲ್ಲಿ, 1941ರ ಆಗಸ್ಟ್ ತಿಂಗಳ ಬುಧವಾರ ಸಂಜೆಗಳಲ್ಲಿ ಬಿ.ಬಿ.ಸಿ. ರೇಡಿಯೋ ಹದಿನೈದು ನಿಮಿಷಗಳ ಒಂದು ಭಾಷಣಮಾಲೆಯನ್ನು ಪ್ರಸಾರ ಮಾಡಿತು. ಮಾತನಾಡಿದವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಬೋಧಿಸುತ್ತಿದ್ದ ಸಿ.ಎಸ್. ಲೂಯಿಸ್ (1898–1963). ಅವರು ಪಾದ್ರಿಯಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು, ಹದಿಹರೆಯದಲ್ಲಿ ನಾಸ್ತಿಕರಾಗಿ, ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು, 1931ರಲ್ಲಿ ಮತ್ತೆ ಕ್ರೈಸ್ತ ವಿಶ್ವಾಸಕ್ಕೆ ಮರಳಿದವರು. ಈ ಪ್ರಸಾರ ಹಲವು ಮಾಲೆಗಳಾಗಿ 1944ರವರೆಗೆ ಮುಂದುವರಿಯಿತು. 1952ರಲ್ಲಿ ಅವೆಲ್ಲ ಒಂದೇ ಪುಸ್ತಕವಾಗಿ ಹೊರಬಂದವು.

ವಿಶ್ವಾಸದ ಬಗ್ಗೆ ಅವರು ಕೊಟ್ಟ ವಿವರಣೆ ಹೀಗಿದೆ. ಶಸ್ತ್ರಚಿಕಿತ್ಸೆಗೆ ಮಲಗಿದವನಿಗೆ ಅರಿವಳಿಕೆಯಿಂದ ಉಸಿರುಕಟ್ಟುವುದಿಲ್ಲ, ಪ್ರಜ್ಞೆ ತಪ್ಪುವ ಮುನ್ನ ವೈದ್ಯರು ಕತ್ತರಿ ಹಾಕುವುದಿಲ್ಲ ಎಂಬುದು ಚೆನ್ನಾಗಿ ಗೊತ್ತು. ಆದರೂ ಮುಖಕ್ಕೆ ಮುಖವಾಡ ಇಟ್ಟೊಡನೆ ಅವನು ಗಾಬರಿಯಾಗುತ್ತಾನೆ. ಇಲ್ಲಿ ಅವನ ನಂಬಿಕೆಯನ್ನು ಅಲುಗಿಸಿದ್ದು ಹೊಸ ಪುರಾವೆಯಲ್ಲ, ಹೊಸ ತರ್ಕವಲ್ಲ, ಬರೀ ಭಯ. ಜಗಳ ನಡೆದಿರುವುದು ಬುದ್ಧಿಗೂ ವಿಶ್ವಾಸಕ್ಕೂ ನಡುವೆ ಅಲ್ಲ. ಬುದ್ಧಿ ಮತ್ತು ವಿಶ್ವಾಸ ಒಂದು ಕಡೆ, ಭಾವನೆ ಮತ್ತು ಕಲ್ಪನೆ ಇನ್ನೊಂದು ಕಡೆ. ಬುದ್ಧಿ ಒಮ್ಮೆ ಒಪ್ಪಿದ್ದನ್ನು ಮನಸ್ಸಿನ ಲಹರಿ ಬದಲಾದರೂ ಬಿಡದೆ ಹಿಡಿದುಕೊಳ್ಳುವ ಗುಣವೇ ವಿಶ್ವಾಸ ಎಂದು ಅವರು ಹೇಳಿದರು.

ಲೂಯಿಸ್ ಇಲ್ಲಿ ಒಂದು ಪ್ರಾಮಾಣಿಕ ಮಾತನ್ನೂ ಸೇರಿಸಿದರು. ಕ್ರೈಸ್ತನಾದ ಮೇಲೆ ಇದೆಲ್ಲ ಅಸಂಭವವೆಂದು ಕಾಣುವ ಲಹರಿ ತಮಗೆ ಬರುವುದುಂಟು. ನಾಸ್ತಿಕನಾಗಿದ್ದಾಗ ಕ್ರೈಸ್ತಧರ್ಮವೇ ನಿಜವಿರಬಹುದೆಂದು ಕಾಣುವ ಲಹರಿಯೂ ಬರುತ್ತಿತ್ತು. ಹಾಗಾಗಿ ಲಹರಿಗೆ ಲಗಾಮು ಹಾಕಲು ಬಾರದವನು ಗಟ್ಟಿ ಆಸ್ತಿಕನೂ ಆಗಲಾರ, ಗಟ್ಟಿ ನಾಸ್ತಿಕನೂ ಆಗಲಾರ. ಇದಕ್ಕೆ ಅವರು ಸೂಚಿಸಿದ ಪರಿಹಾರ ಅಭ್ಯಾಸ. ಲಹರಿಗಳು ಬದಲಾಗುತ್ತವೆ ಎಂಬುದನ್ನು ಮೊದಲೇ ತಿಳಿದಿರುವುದು, ಪ್ರತಿದಿನ ಸ್ವಲ್ಪ ಹೊತ್ತು ಪ್ರಾರ್ಥನೆ ಮತ್ತು ಓದಿನ ಮೂಲಕ ತಾನು ನಂಬಿದ ಮುಖ್ಯ ಸಂಗತಿಗಳನ್ನು ಮನಸ್ಸಿನ ಮುಂದೆ ತಂದುಕೊಳ್ಳುವುದು. ವಿಶ್ವಾಸ ಕಳೆದುಕೊಂಡವರಲ್ಲಿ ಬಹಳ ಮಂದಿ ವಾದದಲ್ಲಿ ಸೋತವರಲ್ಲ, ಮೆಲ್ಲಗೆ ತೇಲಿಹೋದವರು ಎಂಬುದು ಅವರ ಅಭಿಪ್ರಾಯ.

ಇದಕ್ಕೊಂದು ಷರತ್ತನ್ನೂ ಅವರು ಹಾಕಿದ್ದರು. ಯಾರ ಬುದ್ಧಿಗೆ ಸಾಕ್ಷ್ಯವೆಲ್ಲ ಕ್ರೈಸ್ತಧರ್ಮದ ವಿರುದ್ಧವೇ ಇದೆಯೆಂದು ತೋರುತ್ತದೋ ಅವರು ಅದನ್ನು ಒಪ್ಪಬೇಕೆಂದು ತಾವು ಕೇಳುವುದಿಲ್ಲ ಎಂದರು. ಅಭ್ಯಾಸ ಬುದ್ಧಿಯ ತೀರ್ಮಾನವನ್ನು ಕಾಯುವ ಬೇಲಿ, ಬುದ್ಧಿಗೆ ಬದಲಿಯಲ್ಲ.

ದೂರದರ್ಶನದ ಭಾಷೆಯಲ್ಲಿ ಇದನ್ನು ಹೀಗೆ ಹೇಳಬಹುದು. ಮನೆಯ ಛಾವಣಿಯ ಮೇಲೆ ಆಂಟೆನಾ ಇರುತ್ತಿದ್ದ ಕಾಲದಲ್ಲಿ ಪರದೆಯ ತುಂಬ ಚುಕ್ಕೆಗಳು ಬಂದರೆ 'ದೂರದರ್ಶನ ಕೇಂದ್ರವೇ ಮುಚ್ಚಿಹೋಯಿತು' ಎಂದು ಯಾರೂ ತೀರ್ಮಾನಿಸುತ್ತಿರಲಿಲ್ಲ. ಗಾಳಿಗೆ ಆಂಟೆನಾ ತಿರುಗಿದೆಯೇ, ತಂತಿ ಸಡಿಲವಾಗಿದೆಯೇ ಎಂದು ಮೊದಲು ನೋಡುತ್ತಿದ್ದರು. ಎಲ್ಲವನ್ನೂ ಸರಿಮಾಡಿದ ಮೇಲೂ ದಿನಗಟ್ಟಲೆ ಚಿತ್ರ ಬಾರದಿದ್ದರೆ ಆಗ ಕೇಂದ್ರದ ಬಗ್ಗೆಯೇ ವಿಚಾರಿಸಬೇಕಾಗುತ್ತಿತ್ತು.

ಮನಸ್ಸಿಗೂ ಲಸಿಕೆಯುಂಟೆ?

1950ರಿಂದ 1953ರವರೆಗೆ ನಡೆದ ಕೊರಿಯಾ ಯುದ್ಧ ಮುಗಿದಾಗ, ಸೆರೆಯಲ್ಲಿದ್ದ 21 ಮಂದಿ ಅಮೆರಿಕನ್ ಸೈನಿಕರು ತಾಯ್ನಾಡಿಗೆ ಮರಳಲು ಒಪ್ಪದೆ ಚೀನಾಕ್ಕೆ ಹೋದರು. ಅಮೆರಿಕ ಬೆಚ್ಚಿಬಿದ್ದಿತು. ತಮ್ಮ ದೇಶದ ಬಗ್ಗೆ ಒಳ್ಳೆಯದನ್ನೇ ಕೇಳಿ ಬೆಳೆದ ಹುಡುಗರ ನಂಬಿಕೆ ಇಷ್ಟು ಸುಲಭವಾಗಿ ಹೇಗೆ ಕುಸಿಯಿತು ಎಂಬ ಪ್ರಶ್ನೆ ಎದ್ದಿತು. ಇಂಥ ಪ್ರಶ್ನೆಗಳ ಹಿನ್ನೆಲೆಯಲ್ಲಿ ವಿಲಿಯಂ ಮೆಗೈರ್ (1925–2007) ಎಂಬ ಸಮಾಜ ಮನೋವಿಜ್ಞಾನಿ 1960ರ ದಶಕದ ಆರಂಭದಲ್ಲಿ ಪ್ರಯೋಗಗಳನ್ನು ನಡೆಸಿದರು.

ಕ್ರಿಮಿಗಳೇ ಇಲ್ಲದ ವಾತಾವರಣದಲ್ಲಿ ಬೆಳೆದ ಜೀವಿ ನೋಡಲು ಪುಷ್ಟಿಯಾಗಿದ್ದರೂ ಸೋಂಕು ತಗುಲಿದೊಡನೆ ನೆಲಕಚ್ಚುತ್ತದೆ. ಎಂದೂ ವಿರೋಧ ಎದುರಿಸದ ನಂಬಿಕೆಯ ಸ್ಥಿತಿಯೂ ಅದೇ ಇರಬಹುದೆಂದು ಮೆಗೈರ್ ಊಹಿಸಿದರು. ಪರೀಕ್ಷೆಗಾಗಿ ಅವರು ಆರಿಸಿಕೊಂಡದ್ದು ಯಾರೂ ಪ್ರಶ್ನಿಸದ ಮಾತುಗಳನ್ನು: ಪ್ರತಿ ಊಟದ ನಂತರ ಹಲ್ಲುಜ್ಜಬೇಕು, ಪೆನಿಸಿಲಿನ್ ಮನುಕುಲಕ್ಕೆ ವರ, ಕ್ಷಯರೋಗ ಪತ್ತೆಗಾಗಿ ಎಲ್ಲರೂ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಸಬೇಕು ಇತ್ಯಾದಿ. ಕೆಲವು ವಿದ್ಯಾರ್ಥಿಗಳಿಗೆ ಈ ಮಾತುಗಳನ್ನು ಬೆಂಬಲಿಸುವ ವಾದಗಳನ್ನು ಮಾತ್ರ ಕೊಟ್ಟರು. ಇನ್ನು ಕೆಲವರಿಗೆ ವಿರೋಧಿ ವಾದಗಳನ್ನು ಸಣ್ಣ ಪ್ರಮಾಣದಲ್ಲಿ ತೋರಿಸಿ, ಜೊತೆಗೇ ಅವುಗಳ ಖಂಡನೆಯನ್ನೂ ಕೊಟ್ಟರು. ಆಮೇಲೆ ಎಲ್ಲರ ಮೇಲೂ ಬಲವಾದ ವಿರೋಧಿ ವಾದದ 'ದಾಳಿ' ನಡೆಯಿತು. ಬೆಂಬಲದ ಮಾತುಗಳನ್ನಷ್ಟೇ ಓದಿದವರಿಗಿಂತ, ವಿರೋಧವನ್ನು ಮೊದಲೇ ಸ್ವಲ್ಪ ರುಚಿ ನೋಡಿದವರು ಹೆಚ್ಚು ಗಟ್ಟಿಯಾಗಿ ನಿಂತರು. ಮೊದಲು ಕಂಡಿರದ ಹೊಸ ಬಗೆಯ ವಾದಗಳನ್ನೂ ಅವರು ತಡೆದುಕೊಂಡರು. ಇದಕ್ಕೆ 'ಲಸಿಕೆ ಸಿದ್ಧಾಂತ' ಎಂಬ ಹೆಸರು ಬಂದಿತು. ಕಾಲ ಕಳೆದಂತೆ ಈ ಲಸಿಕೆಯ ಬಲವೂ ಇಳಿಯುವುದರಿಂದ, ನಡುನಡುವೆ ಅದನ್ನು ನವೀಕರಿಸಬೇಕಾಗುತ್ತದೆ.

ಕ್ರೈಸ್ತ ಮನೆಗಳಿಗೂ ಧರ್ಮೋಪದೇಶದ ತರಗತಿಗಳಿಗೂ ಇದರಲ್ಲಿ ನೇರವಾದ ಪಾಠವಿದೆ. ಮಕ್ಕಳಿಗೆ ಕಷ್ಟದ ಪ್ರಶ್ನೆಗಳು ಕೇಳಿಸದಂತೆ ಕಾಪಾಡುವುದು ಅವರನ್ನು ದುರ್ಬಲಗೊಳಿಸುವ ದಾರಿ. ದುಃಖದ ಪ್ರಶ್ನೆ, ವಿಕಾಸವಾದದ ಪ್ರಶ್ನೆ, ಸುವಾರ್ತೆಗಳ ನಡುವಿನ ವ್ಯತ್ಯಾಸಗಳ ಪ್ರಶ್ನೆ ಇವುಗಳನ್ನು ಮನೆಯಲ್ಲೇ, ಪ್ರೀತಿಯಿಂದ ಮಾತನಾಡುವವರ ಬಾಯಲ್ಲೇ ಮೊದಲು ಕೇಳಿದ ಮಗು ಹಾಸ್ಟೆಲಿನಲ್ಲಿ ಅವನ್ನು ಕೇಳಿದಾಗ ತತ್ತರಿಸುವುದಿಲ್ಲ. ನಿಮ್ಮ ಭರವಸೆಗೆ ಕಾರಣ ಕೇಳಿದವರಿಗೆ ಸೌಮ್ಯವಾಗಿ ಉತ್ತರ ಕೊಡಲು ಸಿದ್ಧರಾಗಿರಿ ಎಂಬ ಅರ್ಥದ ಉಪದೇಶ ಪೇತ್ರನ ಮೊದಲನೆಯ ಪತ್ರಿಕೆಯಲ್ಲೇ ಇದೆ.

ಲಸಿಕೆಯ ಮಿತಿ

ಆದರೆ ಇಲ್ಲಿ ಎಚ್ಚರದಿಂದ ಒಂದು ಹೆಜ್ಜೆ ಮುಂದಿಡೋಣ. ಎಲ್ಲರೂ ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಬೇಕೆಂಬ ಮಾತನ್ನು ಮೆಗೈರ್ ಪ್ರಶ್ನಾತೀತವೆಂದು ಆರಿಸಿಕೊಂಡಿದ್ದರಷ್ಟೆ? ಮುಂದೆ ವೈದ್ಯಕೀಯ ಲೋಕವೇ ಆ ಪದ್ಧತಿಯನ್ನು ಕೈಬಿಟ್ಟಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಹೆಸರಾದದ್ದು. ಕ್ಷಯರೋಗಿಗಳಲ್ಲಿ ಬಹುಪಾಲು ಮಂದಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು, ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಹಾಗಿದ್ದ ಮೇಲೆ ಇಡೀ ಜನತೆಗೆ ಎಕ್ಸ್‌ರೇ ತೆಗೆಯುವುದಕ್ಕಿಂತ, ಕೆಮ್ಮೆಂದು ಬಂದವರ ಕಫ ಪರೀಕ್ಷೆ ಮಾಡುವುದೇ ವಿವೇಕವೆನಿಸಿತು.

ಅಂದರೆ, ಆ ವಿದ್ಯಾರ್ಥಿಗಳ ಮನಸ್ಸಿಗೆ ಹಾಕಿದ ಲಸಿಕೆ ಮುಂದೆ ತಿದ್ದುಪಡಿ ಬೇಕಾಗಿದ್ದ ಮಾತನ್ನೂ ಅಷ್ಟೇ ಭದ್ರವಾಗಿ ಕಾಪಾಡಿತು. ಲಸಿಕೆಗೆ ಸತ್ಯ ಮಿಥ್ಯಗಳ ಭೇದ ಗೊತ್ತಿಲ್ಲ. ಬೇಲಿ ಹೂದೋಟವನ್ನೂ ಕಾಯುತ್ತದೆ, ಕಳೆಯನ್ನೂ ಕಾಯುತ್ತದೆ. ಎದುರಾಳಿಯ ವಾದವನ್ನು ಬೇಕೆಂದೇ ಪೊಳ್ಳು ಮಾಡಿ ಹೇಳಿಕೊಟ್ಟರೆ ವಿದ್ಯಾರ್ಥಿಗೆ ಸಿಗುವುದು ಸುಳ್ಳು ಧೈರ್ಯ. ನಿಜವಾದ ವಾದವನ್ನು ಒಂದು ದಿನ ಅದರ ಪೂರ್ಣ ಬಲದಲ್ಲಿ ಕೇಳಿದಾಗ, ತನ್ನ ಹಿರಿಯರು ತನಗೆ ಮೋಸ ಮಾಡಿದರೆಂಬ ಭಾವನೆ ಅವನಲ್ಲಿ ಹುಟ್ಟುತ್ತದೆ. ಹೀಗೆ ಕಳೆದುಹೋದ ವಿಶ್ವಾಸ ಮರಳುವುದು ಕಷ್ಟ.

ಆದ್ದರಿಂದ ಮನಸ್ಸಿನ ಸಿದ್ಧತೆಯ ಜೊತೆಗೆ ಪ್ರಾಮಾಣಿಕ ಪರಿಶೀಲನೆಯೂ ಬೇಕು. ಮೊದಲನೆಯದು ನೆಪ್ಚೂನಿನ ಪಾಠ, ಎರಡನೆಯದು ಬುಧಗ್ರಹದ ಪಾಠ.

ಒಂದೇ ಪುರಾವೆ, ಎರಡು ದಾರಿ

ಚಾರ್ಲ್ಸ್ ಡಾರ್ವಿನ್ ಪಾದ್ರಿಯಾಗಬೇಕೆಂದೇ ಕೇಂಬ್ರಿಜ್‌ನಲ್ಲಿ ಓದಿದವರು. ಅವರ ಕ್ರೈಸ್ತ ನಂಬಿಕೆ ಒಂದೇ ದಿನದಲ್ಲಿ ಮುರಿಯಲಿಲ್ಲ, ನಿಧಾನವಾಗಿ ಸವೆಯಿತು. 1851ರಲ್ಲಿ ಹತ್ತು ವರ್ಷದ ಮಗಳು ಆನಿ ತೀರಿಕೊಂಡದ್ದು ಅವರಿಗೆ ದೊಡ್ಡ ಪೆಟ್ಟಾಯಿತು. ಕೊನೆಯ ವರ್ಷಗಳಲ್ಲಿ ಅವರು ತಮ್ಮನ್ನು ಅಜ್ಞೇಯತಾವಾದಿ ಎಂದು ಕರೆದುಕೊಂಡರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಡಾರ್ವಿನ್ನರ ಆಪ್ತ ಸ್ನೇಹಿತ, ವಿಕಾಸವಾದವನ್ನು ಅಮೆರಿಕದಲ್ಲಿ ಸಮರ್ಥಿಸಿದವರಲ್ಲಿ ಅಗ್ರಗಣ್ಯ. ಅವರು ಕೊನೆಯವರೆಗೂ ಕ್ರೈಸ್ತರಾಗಿಯೇ ಉಳಿದರು. ಇಬ್ಬರ ಮುಂದಿದ್ದ ಪುರಾವೆ ಒಂದೇ. ಇಬ್ಬರೂ ಪತ್ರಗಳಲ್ಲಿ ದೇವರು, ದುಃಖ, ಸೃಷ್ಟಿಯ ಉದ್ದೇಶಗಳ ಬಗ್ಗೆ ಬಿಚ್ಚುಮನಸ್ಸಿನಿಂದ ಚರ್ಚಿಸಿದರು, ಒಪ್ಪಲಿಲ್ಲ, ಸ್ನೇಹವನ್ನೂ ಬಿಡಲಿಲ್ಲ. ವಿಜ್ಞಾನ ಓದಿದರೆ ನಂಬಿಕೆ ಹೋಗಲೇಬೇಕೆಂಬ ಮಾತೂ, ನಂಬಿಕೆ ಕಳೆದುಕೊಂಡವರೆಲ್ಲ ದುಷ್ಟರೆಂಬ ಮಾತೂ ಈ ಸ್ನೇಹದ ಮುಂದೆ ನಿಲ್ಲುವುದಿಲ್ಲ.

ಪರೀಕ್ಷೆಯ ದಿನ

ಸಿದ್ಧತೆ ಮಾಡಿಕೊಂಡವರಿಗೆ ನೋವಾಗುವುದಿಲ್ಲವೇ? ಲೂಯಿಸರ ಬದುಕೇ ಉತ್ತರ ಹೇಳುತ್ತದೆ. 1956ರಲ್ಲಿ ಅವರು ಅಮೆರಿಕದ ಲೇಖಕಿ ಜಾಯ್ ಡೇವಿಡ್‌ಮನ್ ಅವರನ್ನು ವಿವಾಹವಾದರು. 1960ರ ಜುಲೈನಲ್ಲಿ ಕ್ಯಾನ್ಸರಿನಿಂದ ಆಕೆ ತೀರಿಕೊಂಡರು. ವಿಶ್ವಾಸದ ಬಗ್ಗೆ ದೇಶಕ್ಕೆಲ್ಲ ರೇಡಿಯೋದಲ್ಲಿ ಹೇಳಿದ್ದ ಅದೇ ಲೂಯಿಸ್ ಆ ದಿನಗಳಲ್ಲಿ ಬರೆದ ಟಿಪ್ಪಣಿಗಳು 1961ರಲ್ಲಿ ಗುಪ್ತನಾಮದಲ್ಲಿ ಪ್ರಕಟವಾದವು. ದೇವರಿಲ್ಲವೆಂಬ ತೀರ್ಮಾನಕ್ಕೆ ಬರುವ ಭಯ ಅವರಿಗಿರಲಿಲ್ಲ. ದೇವರ ಬಗ್ಗೆಯೇ ಭಯಂಕರವಾದದ್ದನ್ನು ನಂಬಿಬಿಡುವೆನೇನೋ ಎಂಬ ಭಯವಿತ್ತು. ತಮ್ಮ ವಿಶ್ವಾಸ ಇಸ್ಪೀಟಿನ ಎಲೆಗಳ ಮನೆಯಾಗಿತ್ತೇ ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಕೋಪ, ದೂರು ಯಾವುದನ್ನೂ ಮುಚ್ಚಿಡದೆ ಬರೆದರು. ಪುಸ್ತಕದ ಕೊನೆಯ ಹೊತ್ತಿಗೆ ವಿಶ್ವಾಸ ಉಳಿದಿತ್ತು, ಆದರೆ ಹಳೆಯ ರೂಪದಲ್ಲಿ ಅಲ್ಲ.

ಮದರ್ ತೆರೇಸಾ (1910–1997) ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಜಗತ್ತು ಅಚ್ಚರಿಪಟ್ಟಿತು. ಕಲ್ಕತ್ತೆಯ ಬೀದಿಗಳಲ್ಲಿ ದೀನರ ಸೇವೆ ಮಾಡುತ್ತಿದ್ದ ಆಕೆ ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಇಲ್ಲದೆ ಬದುಕಿದ್ದರು. ಆ ಕತ್ತಲನ್ನು ಗುಟ್ಟಾಗಿ ತಮ್ಮ ಆಧ್ಯಾತ್ಮಿಕ ಮಾರ್ಗದರ್ಶಕರಿಗೆ ಬರೆದು ಹೇಳಿಕೊಂಡರು, ಬೆಳಿಗ್ಗೆ ಎದ್ದು ಮತ್ತೆ ಕೆಲಸಕ್ಕೆ ಹೋದರು. 2016ರಲ್ಲಿ ಕಥೋಲಿಕ ಸಭೆ ಅವರನ್ನು ಸಂತರೆಂದು ಘೋಷಿಸಿತು.

ವಿದ್ಯಾರ್ಥಿಗಳು ಏನು ಮಾಡಬಹುದು?

ಮೊದಲು ಸಂದೇಹದ ಮೂಲವನ್ನು ಗುರುತಿಸಿ. ನಾಲ್ಕು ರಾತ್ರಿ ನಿದ್ದೆಗೆಟ್ಟವರಿಗೆ ಬೇಕಾದದ್ದು ನಿದ್ದೆ, ತತ್ತ್ವಶಾಸ್ತ್ರವಲ್ಲ. ಅದೇ ಪ್ರಶ್ನೆ ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೂ ಉಳಿದಿದ್ದರೆ ಅದನ್ನು ಗೌರವದಿಂದ ಕಾಣಿ.

ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ತಲೆಯಲ್ಲಿ ಮೋಡದಂತೆ ಕವಿದಿದ್ದುದು ಬರೆದಾಗ ಎರಡು ಮೂರು ಸಾಲಿನ ಪ್ರಶ್ನೆಯಾಗಿ ನಿಲ್ಲುತ್ತದೆ. ಆಮೇಲೆ ಅದರ ಬಗ್ಗೆ ಎರಡೂ ಕಡೆಯ ಉತ್ತಮ ಲೇಖಕರನ್ನು ಓದಿ. ಎದುರು ಪಕ್ಷದ ವಾದವನ್ನು ಅವರೇ ತಲೆದೂಗುವಂತೆ ನೀವು ಹೇಳಬಲ್ಲಿರಾದರೆ ಅದು ನಿಮಗೆ ಅರ್ಥವಾಗಿದೆ ಎಂದರ್ಥ.

ಒಬ್ಬರೊಡನೆ ಮಾತನಾಡಿ. ಉತ್ತರ ಗೊತ್ತಿಲ್ಲದಾಗ 'ಗೊತ್ತಿಲ್ಲ' ಎನ್ನುವ ಗುರುಗಳೋ ಅಧ್ಯಾಪಕರೋ ಹಿರಿಯ ಗೆಳೆಯರೋ ಸಿಕ್ಕರೆ ಅವರನ್ನು ಬಿಡಬೇಡಿ. ಮನಸ್ಸು ಕುಗ್ಗಿದ ದಿನ ದೊಡ್ಡ ತೀರ್ಮಾನ ಬೇಡ, ಆದರೆ 'ನಾಳೆ ನೋಡೋಣ' ಎಂದು ಪ್ರಶ್ನೆಯನ್ನು ವರ್ಷಗಟ್ಟಲೆ ಮುಂದೂಡುವುದೂ ಬೇಡ. ನಂಬಿಕೆ ಬಿಟ್ಟ ಗೆಳೆಯರನ್ನು ದೂರ ಮಾಡಬೇಡಿ. ಏಸಾ ಗ್ರೇ ಹಾಗೆ ಮಾಡಲಿಲ್ಲ.

ಈ ಮಾತುಗಳಲ್ಲಿ ಹೆಚ್ಚಿನವು ಹಿಂದೂ, ಮುಸ್ಲಿಂ, ಜೈನ ವಿದ್ಯಾರ್ಥಿಗಳಿಗೂ, ಯಾವ ಧರ್ಮವನ್ನೂ ಒಪ್ಪದವರಿಗೂ ಅನ್ವಯಿಸುತ್ತವೆ. ಲಹರಿಗಳ ಏರಿಳಿತಕ್ಕೆ ಜಾತಿಮತವಿಲ್ಲ. ಇನ್ನು ನಾವು ಊಹಿಸಿಕೊಂಡ ಹುಡುಗಿ ಕೊನೆಗೆ ಯಾವ ತೀರ್ಮಾನಕ್ಕೆ ಬರುತ್ತಾಳೋ ಹೇಳಲಾಗದು. ಅದು ಬೇಸರದ, ಭಯದ, ಗುಂಪಿನ ತೀರ್ಮಾನವಾಗದೆ ಅವಳದೇ ತೀರ್ಮಾನವಾಗಬೇಕು. ಅದಕ್ಕೆ ಸಿದ್ಧತೆ ಬೇಕು.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಕಷ್ಟದ ಪ್ರಶ್ನೆಗೂ ಸಂದೇಹಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮದೇ ಉದಾಹರಣೆಯೊಂದಿಗೆ ವಿವರಿಸಿ.

2. ಮೆಗೈರ್ ಪ್ರಯೋಗದಲ್ಲಿ ಬೆಂಬಲದ ವಾದಗಳಿಗಿಂತ ವಿರೋಧಿ ವಾದಗಳ ಪರಿಚಯ ಹೆಚ್ಚು ರಕ್ಷಣೆ ಕೊಟ್ಟಿತು. ಇದಕ್ಕೆ ಕಾರಣವೇನಿರಬಹುದು?

3. ತಪ್ಪು ನಂಬಿಕೆಯೊಂದಕ್ಕೂ ಇಂಥ 'ಲಸಿಕೆ' ಹಾಕಬಹುದಾದರೆ, ನಮ್ಮ ನಂಬಿಕೆಗಳನ್ನು ನಾವು ಪರೀಕ್ಷಿಸಿಕೊಳ್ಳುವುದು ಹೇಗೆ?

4. ನಿಮ್ಮ ತರಗತಿಯಲ್ಲಿ ಬೇರೆ ನಂಬಿಕೆಯ ಗೆಳೆಯರೊಬ್ಬರ ವಾದವನ್ನು ಅವರು ಒಪ್ಪುವಂತೆ ಐದು ವಾಕ್ಯಗಳಲ್ಲಿ ಹೇಳಲು ಪ್ರಯತ್ನಿಸಿ.